ಬೆಕ್ಕು ಮಾತು ಕೇಳುತ್ತೆ, ಮನೆಯವರೆಲ್ಲ ಒಂದೇ ಮಾತು ಹೇಳಿದರೆ

ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ನಮ್ಮ ಚಿಕ್ಕಬಳ್ಳಾಪುರ, ಎಲ್ಲಿಂದ ಕೇಳ್ತಿದ್ರೂ ಸ್ವಾಗತ. ಇವತ್ತಿನ ವಿಷಯ ಬೆಕ್ಕು. "ನಾಯಿ ಹೇಳಿದ ಮಾತು ಕೇಳುತ್ತೆ, ಬೆಕ್ಕು ಎಲ್ಲಿ ಕೇಳುತ್ತೆ?" ಅಂತ ಎಲ್ಲ ಮನೆಯಲ್ಲೂ ಹೇಳ್ತಾರೆ. ನಾನು ಇದನ್ನ ಒಪ್ಪಲ್ಲ. ಬೆಕ್ಕಿಗೆ ಕರೆದದ್ದು ಗೊತ್ತಾಗುತ್ತೆ. ಬಂದ್ರೆ ನನಗೇನು ಸಿಗುತ್ತೆ ಅಂತ ಅದು ಲೆಕ್ಕ ಹಾಕುತ್ತೆ, ಅಷ್ಟೇ.

ಇದಕ್ಕೆ ಆಧಾರ ಇದೆ. ಸಾಕಿದ ಬೆಕ್ಕುಗಳು ತಮ್ಮ ಹೆಸರನ್ನು ಬೇರೆ ಪದಗಳಿಂದ ಬೇರ್ಪಡಿಸಿ ಗುರುತಿಸುತ್ತವೆ ಅಂತ ಜಪಾನಿನ ಸಂಶೋಧಕರು 2019ರಲ್ಲಿ ತೋರಿಸಿದರು. ಮನುಷ್ಯ ಬೆರಳು ತೋರಿಸಿದ ಕಡೆ ಹೋಗಿ ಬಚ್ಚಿಟ್ಟ ಆಹಾರ ಹುಡುಕೋದರಲ್ಲಿ ಬೆಕ್ಕು ನಾಯಿಗೆ ಕಡಿಮೆ ಇಲ್ಲ ಅಂತ 2005ರಲ್ಲೇ ಹಂಗೇರಿಯ ಸಂಶೋಧಕರು ಪ್ರಕಟಿಸಿದ್ದರು. ಅಂದ್ರೆ ಮಾತೂ ಹತ್ತುತ್ತೆ, ಕೈಸನ್ನೆಯೂ ಹತ್ತುತ್ತೆ.

ಹಾಗಾದ್ರೆ ನಮ್ಮ ಮನೆ ಬೆಕ್ಕು ಯಾಕೆ ಕೇಳಲ್ಲ? ನಮ್ಮ ಸೀಮೆಯಲ್ಲಿ ಒಂದು ವಿಶೇಷ ಕಾರಣ ಇದೆ. ಎಷ್ಟೋ ಮನೆಗಳಲ್ಲಿ ಅಜ್ಜಿ ತೆಲುಗಲ್ಲಿ "ರಾ" ಅಂತಾರೆ, ಅಮ್ಮ ಕನ್ನಡದಲ್ಲಿ "ಬಾ" ಅಂತಾರೆ, ತಮ್ಮ "ಕಮ್" ಅಂತಾನೆ, ಪಕ್ಕದ ಮನೆಯವರು "ಪುಸ್ ಪುಸ್" ಅಂತಾರೆ. ನಮಗೆ ಎಲ್ಲಾ ಒಂದೇ, ಬೆಕ್ಕಿಗೆ ನಾಲ್ಕು ಬೇರೆ ಬೇರೆ ಸದ್ದು. ಆದ್ದರಿಂದ ಮೊದಲ ಕೆಲಸ ಮನೆಯವರಿಗೇ ತರಬೇತಿ! ಒಂದು ಪದ, ಒಂದು ಸನ್ನೆ ಆರಿಸಿ. ಯಾವ ಭಾಷೆಯಾದರೂ ಸರಿ, ಎಲ್ಲರೂ ಅದನ್ನೇ ಬಳಸಬೇಕು.

ಈಗ ಕಲಿಸೋ ವಿಧಾನ. ಊಟಕ್ಕೆ ಮುಂಚೆ, ಹೊಟ್ಟೆ ಸ್ವಲ್ಪ ಹಸಿದಿರುವಾಗ, ಎರಡು ಮೂರು ನಿಮಿಷ ಸಾಕು. ಬೇಯಿಸಿದ ಮೊಟ್ಟೆ ಅಥವಾ ಕೋಳಿ ಮಾಂಸ, ಕಡಲೆಕಾಳಿನಷ್ಟು ಚೂರು ಮಾಡ್ಕೊಳ್ಳಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕಬೇಡಿ. ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿಗೆ ವಿಷ. ಮೊದಲು ಎರಡು ಹೆಜ್ಜೆ ದೂರದಿಂದ "ಬಾ" ಅನ್ನಿ, ಅಂಗೈ ಕೆಳಗೆ ಚಾಚಿ. ಬಂದ ಕೂಡಲೇ ಚೂರು ಕೊಡಿ. ತಡ ಮಾಡಿದ್ರೆ ಯಾವುದಕ್ಕೆ ಸಿಕ್ತು ಅಂತ ಅದಕ್ಕೆ ತಿಳಿಯಲ್ಲ. ಆಮೇಲೆ ಪಕ್ಕದ ಕೋಣೆಯಿಂದ, ಆಮೇಲೆ ತಾರಸಿಯಿಂದ ಕರೀರಿ. "ಕೂತ್ಕೋ" ಕಲಿಸಬೇಕಾ? ಚೂರನ್ನು ಮೂಗಿನ ಮೇಲಿಂದ ನಿಧಾನಕ್ಕೆ ತಲೆಯ ಹಿಂದಕ್ಕೆ ಒಯ್ಯಿರಿ. ತಲೆ ಎತ್ತಿದಾಗ ಹಿಂಭಾಗ ತಾನಾಗೇ ನೆಲಕ್ಕೆ ತಾಗುತ್ತೆ. ಆಗ ಪದ ಹೇಳಿ, ಚೂರು ಕೊಡಿ. ಕೆಲವು ದಿನದ ನಂತರ ಬರೀ ಕೈಸನ್ನೆ ಸಾಕು.

ಅಮೆರಿಕದ ಥಾರ್ನ್‌ಡೈಕ್ 1898ರಲ್ಲಿ ಇದನ್ನೇ ಬರೆದಿಟ್ಟರು. ಹಸಿದ ಬೆಕ್ಕನ್ನು ಪೆಟ್ಟಿಗೆಯಲ್ಲಿಟ್ಟು, ಹೊರಗೆ ಆಹಾರ ಇಟ್ಟರು. ಬಾಗಿಲು ತೆರೆಯೋ ಉಪಾಯ ಒಮ್ಮೆ ಸಿಕ್ಕಮೇಲೆ, ಮುಂದೆ ಮುಂದೆ ಬೆಕ್ಕು ಬೇಗ ಬೇಗ ಹೊರಬರ್ತಿತ್ತು. ಒಳ್ಳೇ ಫಲ ಕೊಟ್ಟ ಕೆಲಸವನ್ನ ಪ್ರಾಣಿ ಮತ್ತೆ ಮಾಡುತ್ತೆ.

ಇದರ ಇನ್ನೊಂದು ಮುಖ ನಮಗೆ ಚಿಕ್ಕಂದಿನಿಂದ ಗೊತ್ತು. ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ನೆನಪಿದೆಯಲ್ಲ? ಮೊದಲ ದಿನ ಕುದಿಯೋ ಹಾಲಿಟ್ಟ, ಬಾಯಿ ಸುಟ್ಟಿತು. ಆಮೇಲೆ ಹಾಲು ಕಂಡರೆ ಬೆಕ್ಕು ಓಟ. ಕತೆ ಕೇಳಿ ನಗ್ತೀವಿ. ಆದರೆ "ಬಾ" ಅಂತ ಕರೆದು, ಬಂದಮೇಲೆ ಬೈದು ಹೊಡೆದರೆ ನಾವೂ ಅದೇ ಹಾಲನ್ನ ಇಡ್ತಿದ್ದೀವಿ. ಮುಂದಿನ ಸಲ "ಬಾ" ಅಂದರೆ ಅದು ಮಂಚದ ಕೆಳಗೆ.

ಇದೆಲ್ಲ ರೀಲ್ಸ್‌ಗೆ ಮಾತ್ರ ಅಂದ್ಕೋಬೇಡಿ. ಶಿಡ್ಲಘಟ್ಟ ಕಡೆ ರೇಷ್ಮೆ ಹುಳು ಸಾಕೋರಿಗೆ ಇಲಿ ಕಾಟ ಗೊತ್ತು. ಬೆಕ್ಕು ಬೇಕು, ಆದರೆ ಅದು ಚಂದ್ರಿಕೆ ಮೇಲೆ ಹಾರಬಾರದು. ಕರೆದರೆ ಹೊರಗೆ ಬರಬೇಕು. ಹೆದ್ದಾರಿ ಪಕ್ಕದ ಮನೆಗಳಲ್ಲಿ, ಇಲಿ ಪಾಷಾಣ ಇಟ್ಟ ತೋಟಗಳಲ್ಲಿ, ಒಂದು "ಬಾ" ಜೀವ ಉಳಿಸಬಹುದು.

ಎಲ್ಲಕ್ಕಿಂತ ಮುಖ್ಯವಾದ ಪಾಠ "ಬುಟ್ಟಿಗೆ ಹೋಗು". ರೇಬೀಸ್ ಲಸಿಕೆಗೆ ಪಶು ಆಸ್ಪತ್ರೆಗೆ ಒಯ್ಯೋ ದಿನ ಮಾತ್ರ ಬುಟ್ಟಿ ಹೊರಗೆ ತೆಗೆದರೆ, ಪರಚಾಟ ಗ್ಯಾರಂಟಿ. ನಮ್ಮನೇಲಿ ಬುಟ್ಟಿ ಯಾವಾಗ್ಲೂ ಮೂಲೆಯಲ್ಲಿ ತೆರೆದೇ ಇರುತ್ತೆ, ಒಳಗೆ ಹಳೇ ಬಟ್ಟೆ. ಮೊದಲು ಅದರೊಳಗೆ ಊಟ ಕೊಟ್ವಿ, ಆಮೇಲೆ ಅರ್ಧ ನಿಮಿಷ ಮುಚ್ಚಿದ್ವಿ, ಆಮೇಲೆ ಬೀದಿ ಕೊನೆವರೆಗೆ ಹೋಗಿ ಬಂದ್ವಿ. ಈಗ ಬೆರಳು ತೋರಿಸಿದ್ರೆ ಒಳಗೆ ಹೋಗಿ ಕೂರುತ್ತೆ. ಮರಿಗೆ ಮೂರು ತಿಂಗಳಾದಾಗ ವೈದ್ಯರನ್ನು ಕೇಳಿ ಲಸಿಕೆ ಹಾಕಿಸಿ. ಕಚ್ಚಿದರೆ, ಪರಚಿದರೆ, ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೆಯವರನ್ನೆಲ್ಲ ಕೇಳಿ: "ಬಾ" ಅನ್ನೋಣವಾ, "ರಾ" ಅನ್ನೋಣವಾ? ತೀರ್ಮಾನ ಆದ್ರೆ ಅರ್ಧ ಪಾಠ ಮುಗೀತು.