ಶಾಲು ಹೊದಿಸಿದ್ದು ಸಾಕು, ಕೆಲಸ ಹೇಳಿ

ಪ್ರತಿ ವರ್ಷ ಅಕ್ಟೋಬರ್ 1 ಬಂತೆಂದರೆ ನಮ್ಮ ಮಂಗಳೂರಲ್ಲಿ ಹಿರಿಯ ನಾಗರಿಕರಿಗೆ ಸನ್ಮಾನ ಉಂಟು. ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ಫೋಟೋ. ಮರುದಿನ ಅವರು ಮತ್ತೆ ಫ್ಲ್ಯಾಟಿನ ಬಾಲ್ಕನಿಯಲ್ಲಿ. ಮಕ್ಕಳು ದುಬೈಯಲ್ಲೋ ಬೆಂಗಳೂರಲ್ಲೋ ಇರ್ತಾರೆ. ಅಲ್ಲಿಂದಲೇ ಮೊಬೈಲಲ್ಲಿ ಸಿಸಿಟಿವಿ ನೋಡಿ, "ಅಪ್ಪ, ಮದ್ದು ತಗೊಂಡ್ರಾ?" ಅಂತ ಕೇಳ್ತಾರೆ. ಪ್ರೀತಿ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ವಯಸ್ಸಾದವರು ಅಂದರೆ ನೋಡಿಕೊಳ್ಳಬೇಕಾದವರು, ಅಷ್ಟೇ ಅಂತ ಆಗಿಬಿಟ್ಟಿದೆ. 2011ರ ಜನಗಣತಿಯಲ್ಲೇ ರಾಜ್ಯದ ಶೇ. 9.5ರಷ್ಟು ಜನ 60 ದಾಟಿದವರು. ಇಷ್ಟು ಜನರನ್ನು ಸುಮ್ಮನೆ ಕೂರಿಸುವುದಾ?

ಹರೇಕಳ ಹಾಜಬ್ಬರು ನಿಮಗೆಲ್ಲ ಗೊತ್ತು. ಇಲ್ಲೇ ಬುಟ್ಟಿಯಲ್ಲಿ ಕಿತ್ತಳೆ ಮಾರಿದವರು. ನ್ಯೂಪಡ್ಪಿನಲ್ಲಿ ಶಾಲೆ ಮಾಡಿಸಿದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಬೇರೆ ಯಾರಾದರೂ ಆಗಿದ್ದರೆ ಇನ್ನು ಸಾಕು ಅಂತಿದ್ದರೇನೋ. ಇವರು ಕೇಳಿದ್ದು ಊರಿಗೊಂದು ಪಿಯು ಕಾಲೇಜು!

ನನಗೆ ಇನ್ನೂ ಹೆಚ್ಚು ಕಾಡುವವರು ಅಡ್ಯನಡ್ಕ ಕಡೆಯ ಅಮೈ ಮಹಾಲಿಂಗ ನಾಯ್ಕರು. ಅಡಿಕೆ ಮರ ಹತ್ತುವ ಕೂಲಿ ಕೆಲಸದವರು. ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದರು. ಒಂದರಲ್ಲಿ ನೀರಿಲ್ಲ, ಇನ್ನೊಂದರಲ್ಲೂ ಇಲ್ಲ. ಬಿಡಲಿಲ್ಲ, ಕೊನೆಗೆ ನೀರು ಬಂತು, ತೋಟವಾಯಿತು. 2022ರಲ್ಲಿ ಅವರಿಗೂ ಪದ್ಮಶ್ರೀ ಬಂತು. ಸುರಂಗದ ಗಮ್ಮತ್ತು ಏನೆಂದರೆ ಪಂಪು ಬೇಡ, ಕರೆಂಟು ಬೇಡ. ಮುರಕಲ್ಲಿನ ಗುಡ್ಡದೊಳಗೆ ಇಂಗಿದ ನೀರು ತಾನಾಗಿ ಹೊರಗೆ ಹರಿಯುತ್ತದೆ. ಎಲ್ಲಿ ಕೊರೆಯಬೇಕು, ಎಲ್ಲಿ ಮಣ್ಣು ಕುಸಿದೀತು ಎಂಬ ಅಂದಾಜು ಇರುವುದು ವಯಸ್ಸಾದ ಕೈಗಳಲ್ಲಿ. ಪುಸ್ತಕ ಓದಿ ಕಲಿಯುವ ವಿದ್ಯೆ ಅಲ್ಲ ಅದು.

ಈಗ ನಮ್ಮ ಸಿಟಿಗೆ ಬನ್ನಿ. ಏಪ್ರಿಲ್–ಮೇ ಆದರೆ ತುಂಬೆ ಅಣೆಕಟ್ಟಿನಲ್ಲಿ ನೀರೆಷ್ಟು ಅಂತ ದಿನಾ ಪೇಪರ್ ನೋಡ್ತೇವೆ. ನಳ್ಳಿ ಬರುವ ಮೊದಲು ಬೀದಿಯ ಯಾವ ಬಾವಿ ಬತ್ತುತ್ತಿರಲಿಲ್ಲ, ಯಾವುದನ್ನು ಮುಚ್ಚಿ ಮೇಲೆ ಪಾರ್ಕಿಂಗ್ ಮಾಡಿದರು, ರಾಜಕಾಲುವೆ ಮೊದಲು ಎಲ್ಲಿ ಹೋಗ್ತಿತ್ತು? ಇದನ್ನು 75 ದಾಟಿದ ಅಜ್ಜಿಯೊಬ್ಬರು ಕೂತಲ್ಲೇ ಹೇಳ್ತಾರೆ, ಕೇಳಿ ನೋಡಿ ಮಾರಾಯ್ರೆ. ವಾರ್ಡ್ ಸಭೆಗೆ ಅವರನ್ನು ಕರೆಯಬೇಕು, ದೀಪ ಹಚ್ಚಲಿಕ್ಕಲ್ಲ, ನಕ್ಷೆ ಮುಂದಿಟ್ಟು ಕೇಳಲಿಕ್ಕೆ. ನಿವೃತ್ತ ಟೀಚರ್‌ಗಳಿಗೂ ಅಷ್ಟೆ. ಹತ್ತಿರದ ಸರಕಾರಿ ಶಾಲೆಯಿಂದ "ವಾರಕ್ಕೆ ಎರಡು ಗಂಟೆ ಬರ್ತೀರಾ?" ಅಂತ ಒಂದು ಫೋನ್ ಹೋಗಲಿ.

ಬರುವುದು ಹೇಗೆ ಅಂತ ಕೇಳಿದರೆ, ಅದೂ ಉಂಟು. ನಮ್ಮ ಸಿಟಿ ಬಸ್ಸಿನ ಮೆಟ್ಟಿಲು ಮೊಣಕಾಲಿನಷ್ಟು ಎತ್ತರ. ಒಂದು ಕಾಲು ಇಡುವಾಗಲೇ ಕಂಡಕ್ಟರ್ "ರೈಟ್" ಹೇಳಿ ಆಗಿರ್ತದೆ. ಸನ್ಮಾನ ಸಮಿತಿಯವರು ಈ ವರ್ಷ ಶಾಲಿನ ದುಡ್ಡು ಉಳಿಸಿ, ಮೊದಲು ಬಸ್ ಮಾಲಕರ ಜತೆ ಕೂತು ಆ ಮೆಟ್ಟಿಲಿನ ಮಾತಾಡಲಿ.