ಒಸಡಿಗೆ ಲೇಸರ್: ನೋವಾಗುತ್ತಾ?

ಕುಂದಾಣದಿಂದ ಮಾತಾಡ್ತಿದ್ದೀನಿ. ಹೋದ ವರ್ಷ ನಮ್ಮ ಚಿಕ್ಕಮ್ಮನ್ನ ಹಲ್ಲಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ದೆ. ಮುಂದಿನ ಹಲ್ಲುಗಳ ಮೇಲೆ ಒಸಡು ಬೆಳೆದು, ಅರ್ಧ ಹಲ್ಲು ಮುಚ್ಚಿಬಿಟ್ಟಿತ್ತು. ಡಾಕ್ಟ್ರು ಬಾಯಿ ನೋಡಿದ್ದೇ ಕೇಳಿದ್ರು: "ಬಿಪಿಗೆ ಯಾವ ಮಾತ್ರೆ ತಗೊಳ್ತೀರಮ್ಮಾ?"

ಅಮ್ಲೋಡಿಪಿನ್. ನಮ್ಮೂರಲ್ಲಿ ಮನೆಗೊಬ್ಬರು ನುಂಗೋ ಮಾತ್ರೆ. ಕೆಲವರಿಗೆ ಇದರಿಂದ ಒಸಡು ಬೆಳೆಯುತ್ತೆ. ಫಿಟ್ಸ್‌ಗೆ ಕೊಡೋ ಫೆನಿಟಾಯಿನ್, ಕಿಡ್ನಿ ಕಸಿ ಆದೋರಿಗೆ ಕೊಡೋ ಸೈಕ್ಲೋಸ್ಪೋರಿನ್ ಕೂಡ ಹಾಗೇನೇ. ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ, ಬದಲಾಯಿಸೋದು ಬಿಪಿ ಡಾಕ್ಟ್ರ ಕೆಲಸ. ಚಿಕ್ಕಮ್ಮನಿಗೆ ಮಾತ್ರೆ ಬದಲಾಯ್ತು, ಹಲ್ಲು ಕ್ಲೀನಿಂಗ್ ಆಯ್ತು, ಊತ ಸುಮಾರು ಇಳೀತು. ಉಳಿದಿದ್ದನ್ನ ಲೇಸರ್‌ನಲ್ಲಿ ತೆಗೆಯೋಣ ಅಂದ್ರು. ಚಿಕ್ಕಮ್ಮನ ಪ್ರಶ್ನೆ ಒಂದೇ: "ನೋಯುತ್ತಾ?"

ಬೋರ್ಡುಗಳಲ್ಲಿ 'ನೋವಿಲ್ಲದ ಲೇಸರ್' ಅಂತ ಬರೆದಿರ್ತಾರಲ್ಲ, ಅದು ಅರ್ಧ ನಿಜ. ಒಸಡಿಗೆ ಹೆಚ್ಚಾಗಿ ಬಳಸೋದು ಡಯೋಡ್ ಲೇಸರ್, 810ರಿಂದ 980 ನ್ಯಾನೋಮೀಟರ್ ತರಂಗದ್ದು. ಕಣ್ಣಿಗೆ ಕಾಣದ ಬೆಳಕು. ಒಸಡಿನ ಬಣ್ಣ, ರಕ್ತದ ಹಿಮೋಗ್ಲೋಬಿನ್ ಆ ಬೆಳಕನ್ನ ಹೀರ್ಕೊಂಡು ಬಿಸಿಯಾಗ್ತವೆ, ದಾರದಷ್ಟು ಸಣ್ಣ ತುದಿ ಮುಟ್ಟಿದ ಕಡೆ ಒಸಡು ಕತ್ತರಿಸುತ್ತೆ. ರಕ್ತನಾಳದ ಬಾಯಿ ಆಗಲೇ ಮುಚ್ಚಿಕೊಳ್ಳುತ್ತೆ. ಅದಕ್ಕೇ ರಕ್ತ ಕಮ್ಮಿ, ಸಾಮಾನ್ಯವಾಗಿ ಹೊಲಿಗೆ ಬೇಡ. ಆದ್ರೆ ಕೊಯ್ದಿದ್ದು ಚಾಕುವೋ ಬೆಳಕೋ ಅನ್ನೋದು ನರಕ್ಕೆ ಗೊತ್ತಾಗಲ್ಲ. ನೋವು ತಡೆಯೋದು ಮರಗಟ್ಟಿಸೋ ಔಷಧಿ.

ಆ ಔಷಧಿ ಲಿಗ್ನೊಕೇಯ್ನ್. ಸ್ವೀಡನ್ನಿನ ನಿಲ್ಸ್ ಲೊಫ್‌ಗ್ರೆನ್ 1943ರಲ್ಲಿ ತಯಾರಿಸಿದ್ದು. ಮೊದಲು ಒಸಡಿಗೆ ಜೆಲ್ ಹಚ್ಚಿ ಎರಡು ಮೂರು ನಿಮಿಷ ಕಾಯಬೇಕು. ಆತುರ ಬಿದ್ದು ಕೆಡಿಸೋದು ಇಲ್ಲೇ. ಆಮೇಲೆ ಸೂಜಿ. ನಿಧಾನವಾಗಿ ಬಿಟ್ರೆ ಒಂದು ಸಲ ಚುರ್ ಅಂದು ಮುಗೀತು, ಗಡಿಬಿಡಿಯಲ್ಲಿ ತುಂಬಿದ್ರೆ ಉರಿ. ಔಷಧಿ ಜೊತೆ ಅಡ್ರಿನಲಿನ್ ಇದ್ರೆ ಎದೆ ಸ್ವಲ್ಪ ಹೊತ್ತು ಡವಡವ ಅನ್ನಬಹುದು. ಹೃದಯದ ತೊಂದರೆ ಇರೋರು ಮುಂಚೇನೇ ಹೇಳಿಬಿಡಿ.

ಚಿಕ್ಕಮ್ಮ ಹೆದರಿದ್ದು ಸೂಜಿಗಲ್ಲ, ವಾಸನೆಗೆ. ಕಪ್ಪು ಕನ್ನಡಕ ಹಾಕಿ ಮಲಗಿಸಿದ್ರು, ಪಕ್ಕದಲ್ಲಿ ಹೊಗೆ ಎಳೆಯೋ ಪೈಪು ಗುರ್ ಅಂತಿತ್ತು. ಒಂದು ನಿಮಿಷಕ್ಕೆ ಅವರ ಕೈ ಮೇಲೆದ್ದಿತು. ಡಾಕ್ಟ್ರು ತಕ್ಷಣ ನಿಲ್ಲಿಸಿದ್ರು. "ನೋಯ್ತಾ ಇದೆಯಾ?" "ಇಲ್ಲಪ್ಪ, ಏನೋ ಸೀಯ್ತಾ ಇದೆ." ಸೀಯ್ತಿದ್ದದ್ದು ಅವರದೇ ಒಸಡು! ಆ ವಾಸನೆ ಬರೋದು ಸಹಜ, ಆದ್ರೆ ಮುಂಚೆ ಹೇಳಿದ್ರೆ ಅರ್ಧ ಭಯ ಇರಲ್ಲ. ಕೈ ಎತ್ತಿದ್ರೆ ನಿಲ್ಲಿಸ್ತೀನಿ ಅಂತ ಡಾಕ್ಟ್ರು ಮೊದಲೇ ಹೇಳಿದ್ರು ನೋಡಿ, ಯಾವ ಮೆಷಿನ್‌ಗಿಂತಲೂ ನನಗೆ ಹಿಡಿಸಿದ್ದು ಅದು.

ಮನೆಗೆ ಬಂದ ಮೇಲೆ ತುಟಿ ಎರಡು ಮೂರು ಗಂಟೆ ಜೋಮು ಹಿಡಿದಿರುತ್ತೆ. ಆಗ ಬಿಸಿ ಕಾಫಿ ಕುಡಿದ್ರೆ ಬಾಯಿ ಸುಟ್ಟಿದ್ದೂ ಗೊತ್ತಾಗಲ್ಲ. ಡಾಕ್ಟ್ರು ಹೇಳಿದ ನೋವಿನ ಮಾತ್ರೇನ ಜೋಮು ಬಿಡೋಕೆ ಮುಂಚೇನೇ ತಗೊಳ್ಳಿ. ಎರಡು ಮೂರು ದಿನ ಚುರುಚುರು ಅನ್ನಬಹುದು. ಊಟಕ್ಕೆ ನಮ್ಮ ಮುದ್ದೇನೇ ಸರಿ: ನುಂಗೋದು ತಾನೇ, ಅಗಿಯೋ ಕೆಲಸ ಇಲ್ಲ. ಆದ್ರೆ ಚೆನ್ನಾಗಿ ಆರಿರಬೇಕು, ಬಸ್ಸಾರಿನ ಬದಲು ಮೊಸರು. ದೇವನಹಳ್ಳಿ ಚಕ್ಕೋತದ ಹುಳಿ ಒಂದು ವಾರ ದೂರ. ಎಲೆ ಅಡಿಕೆ, ಹೊಗೆಸೊಪ್ಪು, ಬೀಡಿ ಮುಟ್ಟಲೇಬೇಡಿ, ಗಾಯ ಮಾಯಲ್ಲ. ಗಾಯದ ಮೇಲೆ ಬಿಳಿ ಪೊರೆ ಕಾಣಿಸುತ್ತೆ. ಅದು ಕೀವಲ್ಲ, ಮಾಯೋ ಲಕ್ಷಣ, ಉಜ್ಜಿ ತೆಗೀಬೇಡಿ. ನೋವು ಇಳಿಯೋ ಬದಲು ಏರ್ತಾ ಹೋದ್ರೆ, ಜ್ವರ ಬಂದ್ರೆ, ರಕ್ತ ನಿಲ್ಲದಿದ್ರೆ ಫೋನ್ ಮಾಡ್ತಾ ಕೂರಬೇಡಿ, ಹೋಗಿ ತೋರಿಸಿ.

ಖಾಸಗಿ ಖರ್ಚು ಭಾರ ಅನ್ನೋರು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿರೋ ಸರ್ಕಾರಿ ದಂತ ಕಾಲೇಜಿನ ಒಸಡಿನ ವಿಭಾಗದಲ್ಲಿ ವಿಚಾರಿಸಿ. ಎಲ್ಲಿಗೇ ಹೋಗಿ, ದಿನಾ ನುಂಗೋ ಮಾತ್ರೆಗಳ ಶೀಟು ಜೊತೆಗಿರಲಿ.