25 ಕಾಸಿನ ಕಪಾಳಮೋಕ್ಷ



ಮೊನ್ನೆ ಪಕ್ಕದ ಮನೆಯ ಹುಡುಗ ಮೊಣಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು ಕುಂಟುತ್ತಾ ಬಂದ. ‘ಏನಾಯ್ತೋ?’ ಅಂದೆ. ‘ಇಂಜುರಿ ಅಂಕಲ್’ ಅಂದ. ಗಾಯ ಅಂದಿದ್ದರೆ ಬರೀ ಬಿದ್ದ ಹಾಗೆ. ಇಂಜುರಿ ಅಂದಾಗ ಆಟಗಾರನ ಗತ್ತು!

ನಮ್ಮ ‘ಗಾಯ’ ಸಂಸ್ಕೃತದ ‘ಘಾತ’ದಿಂದ ಬಂದದ್ದು, ಹೊಡೆತಕ್ಕೆ ಹುಟ್ಟಿದ ಪದ. ಇಂಜುರಿಯ ತವರು ಬೇರೆ. ಲ್ಯಾಟಿನ್ನಿನಲ್ಲಿ ‘ಯೂಸ್’ ಅಂದರೆ ನ್ಯಾಯ. ಅದಕ್ಕೆ ಮುಂಚೆ ‘ಇನ್’ ಹಚ್ಚಿದರೆ ‘ಇನ್ಯೂರಿಯಾ’, ಅಂದರೆ ಅನ್ಯಾಯ. ಮೈಯ ಪೆಟ್ಟು ಆ ಪದದೊಳಗೆ ಆಮೇಲೆ ಬಂದು ಸೇರಿಕೊಂಡಿತು.

ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ ರೋಮನ್ನರು 12 ಫಲಕಗಳ ಮೇಲೆ ತಮ್ಮ ಕಾನೂನು ಬರೆಸಿದರು. ಸ್ವತಂತ್ರ ಪ್ರಜೆಯ ಮೂಳೆ ಮುರಿದರೆ 300 ‘ಆಸ್’ ದಂಡ, ಗುಲಾಮನದಾದರೆ 150. ಮೂಳೆಗೂ ದರ್ಜೆ, ನೋಡಿ. ಕಪಾಳಕ್ಕೆ ಬಾರಿಸುವಂಥ ಸಣ್ಣ ಇನ್ಯೂರಿಯಾಕ್ಕೆ 25. ಕಾಲ ಸರಿದು ಆ ದುಡ್ಡು ಪುಡಿಗಾಸಾಯಿತು, ಆದರೆ ದಂಡ ಮಾತ್ರ 25ರಲ್ಲೇ ಉಳಿಯಿತು. ಇದನ್ನು ಕಂಡ ಲೂಸಿಯಸ್ ವೆರಾಟಿಯಸ್ ಎಂಬ ಪುಂಡನಿಗೆ ಖುಷಿಯೋ ಖುಷಿ. ಬೀದಿಯಲ್ಲಿ ಎದುರು ಸಿಕ್ಕವರ ಕೆನ್ನೆಗೆ ಛಟೀರನೆ ಬಾರಿಸುವನು. ಹಿಂದೆಯೇ ಹಣದ ಚೀಲ ಹಿಡಿದ ಅವನ ಗುಲಾಮ. ಕೆನ್ನೆ ಸವರಿಕೊಳ್ಳುತ್ತಿದ್ದವನ ಕೈಗೆ ಅಲ್ಲೇ 25 ನಾಣ್ಯ ಎಣಿಸಿ ಕೊಡಿಸುವನು. ಕಾನೂನಿನ ಪ್ರಕಾರ ಲೆಕ್ಕ ಚುಕ್ತಾ! ಈ ಕಥೆ ಹೇಳಿದವನು ಲೇಖಕ ಆಲಸ್ ಗೆಲ್ಲಿಯಸ್. ಇಂಥ ಚೇಷ್ಟೆಯಿಂದಲೇ ರೋಮಿನ ನ್ಯಾಯಾಧಿಕಾರಿಗಳು ಹಳೆಯ ದರಪಟ್ಟಿ ಬಿಟ್ಟು, ಆಯಾ ಪ್ರಕರಣ ನೋಡಿ ಪರಿಹಾರ ಗೊತ್ತುಮಾಡಲು ಜನರನ್ನು ನೇಮಿಸಿದರಂತೆ.

ಫ್ರೆಂಚಿನ ದಾರಿ ಹಿಡಿದು 14ನೇ ಶತಮಾನದ ಹೊತ್ತಿಗೆ ಪದ ಇಂಗ್ಲಿಷಿಗೆ ಬಂತು. ಫ್ರೆಂಚರಲ್ಲಿ ಇವತ್ತಿಗೂ ಅದಕ್ಕೆ ಬೈಗುಳ ಎಂದೇ ಅರ್ಥ. ಇಂಗ್ಲಿಷರು ಮೈಗಾಯಕ್ಕೆ ಅದನ್ನು ಬಳಸಿ ಬಳಸಿ ಹಳೆಯ ಅರ್ಥ ಮಸುಕಾಯಿತು. ಕಾನೂನು ಪುಸ್ತಕ ಮಾತ್ರ ಮರೆತಿಲ್ಲ. ನಮ್ಮ 1860ರ ದಂಡ ಸಂಹಿತೆಯ 44ನೇ ಕಲಮು ತೆಗೆದರೆ, ಯಾರದೇ ದೇಹಕ್ಕೆ, ಮನಸ್ಸಿಗೆ, ಮರ್ಯಾದೆಗೆ, ಆಸ್ತಿಗೆ ಕಾನೂನು ಮೀರಿ ಮಾಡಿದ ಕೇಡೆಲ್ಲ ಇಂಜುರಿಯೇ. 2024ರಲ್ಲಿ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದೇ ಇದೆ.

ಹುಡುಗನನ್ನು ಕೂರಿಸಿ, ‘ತುಂಬಾ ನೋಯ್ತಿದೆಯೇನೋ?’ ಅಂತ ಕೇಳಿದೆ. ‘ಕಾಲು ಬಿಡಿ ಅಂಕಲ್’ ಅಂದ. ‘ಡೈವ್ ಹೊಡೆದು ಕ್ರೀಸ್ ಮುಟ್ಟಿದ್ದೆ. ಆದ್ರೂ ರನ್‌ಔಟ್ ಕೊಟ್ಟುಬಿಟ್ರು.’